ವಿಗಾನ್ ನಗರದ ಸ್ಮಾರಕಗಳೂ ಕಸುಬುಗಳೂ: ಒಂದು ವಿಮರ್ಶೆ

೧

ಪುರಾತನ ನಗರವೊಂದರ ಪ್ರಸ್ತಾಪ ಬಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಅದರ ಕಟ್ಟಡಗಳ ಚಿತ್ರ. ದೇವಾಲಯ, ಕೋಟೆ, ಅರಮನೆ, ಬೀದಿ ಇವುಗಳನ್ನು ಪಟ್ಟಿ ಮಾಡಿ, ಕಾಲವನ್ನು ನಿರ್ಣಯಿಸಿ, ಶೈಲಿಗೆ ಒಂದು ಹೆಸರನ್ನು ಕೊಟ್ಟುಬಿಟ್ಟರೆ ಆ ನಗರದ ಚರಿತ್ರೆಯನ್ನು ಹೇಳಿದಂತಾಯಿತೆಂದು ಭಾವಿಸುವುದು ವಾಡಿಕೆ. ಆ ಕಟ್ಟಡಗಳಿಗೆ ಹಣ ಎಲ್ಲಿಂದ ಬಂತು, ಇಟ್ಟಿಗೆಯನ್ನು ಸುಟ್ಟವರಾರು, ಅಲ್ಲಿ ವಾಸಿಸಿದವರು ಏನನ್ನು ಕೊಂಡು ಏನನ್ನು ಮಾರಿದರು ಎಂಬ ಪ್ರಶ್ನೆಗಳು ಪುಸ್ತಕದ ಕೊನೆಗೆ ಸರಿದು, 'ಕೈಗಾರಿಕೆಗಳು' ಎಂಬ ಶೀರ್ಷಿಕೆಯ ಕೆಳಗೆ ಎರಡು ಪುಟಗಳಲ್ಲಿ ಮುಗಿದುಹೋಗುತ್ತವೆ. ಸ್ಮಾರಕವೂ ಕಸುಬೂ ಎರಡು ಬೇರೆ ವಿಷಯಗಳೆಂಬ ಈ ಎಣಿಕೆ ಎಷ್ಟು ಸಾಧು ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾವು ಆರಿಸಿಕೊಂಡಿರುವುದು ಫಿಲಿಪೈನ್ಸ್ ದೇಶದ ವಿಗಾನ್ ನಗರವನ್ನು. ಲುಜಾನ್ ದ್ವೀಪದ ವಾಯವ್ಯ ಕರಾವಳಿಯಲ್ಲಿ, ಅಬ್ರಾ ನದಿ ಕಡಲನ್ನು ಸೇರುವ ಬಯಲಿನಲ್ಲಿ ಇರುವ ಈ ಸಣ್ಣ ನಗರ ದಕ್ಷಿಣ ಇಲೊಕೊಸ್ ಪ್ರಾಂತದ ರಾಜಧಾನಿ. ೧೯೯೯ರಲ್ಲಿ ಯುನೆಸ್ಕೊ ಸಂಸ್ಥೆ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು ೧೭ ಹೆಕ್ಟೇರುಗಳ ಕ್ಷೇತ್ರ, ಚದುರಂಗದ ಹಾಸಿನಂತೆ ಒಂದನ್ನೊಂದು ಕತ್ತರಿಸುವ ೨೫ ಬೀದಿಗಳು, ಅವುಗಳ ಅಂಚಿನಲ್ಲಿ ೨೩೩ ಹಳೆಯ ಕಟ್ಟಡಗಳು: ಇದು ಆ ದಾಖಲೆಯ ಲೆಕ್ಕ. ಯೋಜನಾಬದ್ಧವಾಗಿ ನಿರ್ಮಿತವಾದ ಸ್ಪೇನ್ ವಸಾಹತು ಪಟ್ಟಣಗಳ ಪೈಕಿ ಏಷ್ಯದಲ್ಲಿ ಅತ್ಯಂತ ಸುಸ್ಥಿತಿಯಲ್ಲಿ ಉಳಿದಿರುವುದು ಇದೇ ಎಂಬುದು ಅದರ ನಿರ್ಣಯ. ಕೆಲವು ವರ್ಷಗಳ ಕಾಲ ನಾವೂ ತರಗತಿಯಲ್ಲಿ ಇದನ್ನೇ ಹೇಳುತ್ತ ಬಂದೆವು. ಒಮ್ಮೆ ಒಬ್ಬ ವಿದ್ಯಾರ್ಥಿ, "ಅಲ್ಲಿ ಸ್ಪೇನಿನವರು ಎಷ್ಟು ಮಂದಿ ಇದ್ದರು?" ಎಂದು ಕೇಳಿದಾಗ ನಮ್ಮ ಮಾತಿನ ದೋಷ ನಮಗೇ ಗೋಚರವಾಯಿತು. ಅಲ್ಲಿದ್ದ ಸ್ಪೇನಿನವರು ಅತ್ಯಲ್ಪ ಸಂಖ್ಯೆಯ ಅಧಿಕಾರಿಗಳು ಮತ್ತು ಪಾದ್ರಿಗಳು. ನಗರದ ಹೆಚ್ಚಿನ ಮನೆಗಳನ್ನು ಕಟ್ಟಿಸಿದವರು, ಕಟ್ಟಿದವರು, ಅವುಗಳಲ್ಲಿ ಬಾಳಿದವರು ಬೇರೆ ಜನ. ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವೇ ಈ ಲೇಖನವೆಂದರೂ ತಪ್ಪಾಗಲಾರದು.

೨

ನಗರದ ಹೆಸರಿನಿಂದಲೇ ಪ್ರಾರಂಭಿಸಬಹುದು. ನದೀತೀರದ ತೇವದಲ್ಲಿ ಬೆಳೆಯುವ, ನಮ್ಮ ಕೆಸವಿನ ಜಾತಿಗೆ ಸೇರಿದ 'ಬಿಗಾ' ಎಂಬ ಅಗಲ ಎಲೆಯ ಗಿಡದಿಂದ 'ವಿಗಾನ್' ಎಂಬ ಹೆಸರು ಬಂದಿತೆಂಬುದು ಅಲ್ಲಿನ ಪ್ರತೀತಿ. ೧೫೭೨ರಲ್ಲಿ ಹ್ವಾನ್ ದೆ ಸಾಲ್ಸೆದೊ ಎಂಬ ಸ್ಪೇನಿನ ದಳಪತಿ ಇಲ್ಲಿ ಪಟ್ಟಣವನ್ನು ಸ್ಥಾಪಿಸಿ, ಎರಡನೆಯ ಫಿಲಿಪ್ ದೊರೆಯ ಮಗನ ಹೆಸರಿನಲ್ಲಿ ಅದಕ್ಕೆ 'ವಿಯಾ ಫೆರ್ನಾಂದಿನಾ' ಎಂದು ನಾಮಕರಣ ಮಾಡಿದನು. ರಾಜಕುಮಾರನ ಹೆಸರು ಕಾಗದದಲ್ಲಿ ಉಳಿಯಿತು. ಗಿಡದ ಹೆಸರು ಜನರ ಬಾಯಿಯಲ್ಲಿ ಉಳಿದು, ಇಂದಿಗೂ ನಗರದ ಹೆಸರಾಗಿದೆ. ಈ ಒಂದು ಸಂಗತಿಯಲ್ಲಿಯೇ ಮುಂದಿನ ಕಥೆಯ ಸೂಚನೆಯಿದೆ.

ಸಾಲ್ಸೆದೊ ಬರುವುದಕ್ಕೆ ಮೊದಲೂ ಈ ತೀರದಲ್ಲಿ ಜನವಸತಿಯಿತ್ತು, ವ್ಯಾಪಾರವಿತ್ತು. ಪೂರ್ವದ ಬೆಟ್ಟಗಳಿಂದ ಇಳಿದುಬರುತ್ತಿದ್ದ ಚಿನ್ನಕ್ಕೂ ಜೇನುಮೇಣಕ್ಕೂ ಚೀನದ ನಾವೆಗಳು ಬಂದು ಪಿಂಗಾಣಿಯನ್ನೂ ಬಟ್ಟೆಯನ್ನೂ ಕೊಟ್ಟು ಹೋಗುತ್ತಿದ್ದುವು. ಸ್ಪೇನಿನವರು ಪಟ್ಟಣಕ್ಕೆ ಕೊಟ್ಟದ್ದು ಅದರ ನಕ್ಷೆಯನ್ನು: ನಡುವೆ ಚೌಕಗಳು, ಚೌಕದ ಸುತ್ತ ಇಗರ್ಜಿ ಮತ್ತು ಸರಕಾರಿ ಕಟ್ಟಡಗಳು, ಅಲ್ಲಿಂದ ನೇರವಾಗಿ ಹೊರಡುವ ಬೀದಿಗಳು. ೧೭೫೮ರಲ್ಲಿ ನುವೆವಾ ಸೆಗೋವಿಯಾ ಎಂಬ ಧರ್ಮಪ್ರಾಂತದ ಪೀಠ ಇಲ್ಲಿಗೆ ವರ್ಗವಾಯಿತು. ಬಿಷಪ್ಪರ ನಿವಾಸ ೧೭೮೩ರಿಂದ ೧೭೯೦ರ ನಡುವೆಯೂ, ಈಗಿನ ಪ್ರಧಾನ ಇಗರ್ಜಿ ೧೭೯೦ರಿಂದ ೧೮೦೦ರ ನಡುವೆಯೂ ನಿರ್ಮಿತವಾದುವು. ಭೂಕಂಪದ ಭಯದಿಂದ ಗಂಟೆಗೋಪುರವನ್ನು ಇಗರ್ಜಿಯಿಂದ ದೂರಕ್ಕೆ ಸರಿಸಿ ಕಟ್ಟಲಾಗಿದೆ. ಇಗರ್ಜಿಯ ಅಲಂಕರಣದಲ್ಲಿ ಚೀನದ ಸಿಂಹಾಕೃತಿಗಳು ಕಾಣಿಸಿಕೊಳ್ಳುತ್ತವೆ. ಸ್ಪೇನಿನ ಧರ್ಮಪೀಠದ ಕಟ್ಟಡದಲ್ಲಿಯೂ ಕೆಲಸಗಾರನ ಕೈಗುರುತು ಅಳಿಸಿಹೋಗಿಲ್ಲ. ಇಂಥ ಕಟ್ಟಡಗಳ ವರ್ಣನೆ ಎಲ್ಲೆಡೆಯಲ್ಲಿಯೂ ದೊರೆಯುವುದರಿಂದ ಇಲ್ಲಿ ಅದನ್ನು ಬೆಳೆಸುವುದಿಲ್ಲ.

೩

ವಿಗಾನಿನ ನಿಜವಾದ ವೈಶಿಷ್ಟ್ಯ ಅದರ ವಾಸದ ಮನೆಗಳಲ್ಲಿದೆ. ಕ್ರಿಸೊಲೊಗೊ ಬೀದಿಯ ಎರಡು ಬದಿಗಳಲ್ಲಿಯೂ ಅವು ಸಾಲಾಗಿ ನಿಂತಿವೆ. ಫಿಲಿಪೈನ್ಸಿನಲ್ಲಿ ಇಂಥ ಮನೆಗೆ 'ಬಹಾಯ್ ನಾ ಬಾತೊ', ಎಂದರೆ ಕಲ್ಲಿನ ಮನೆ, ಎಂದು ಹೆಸರು. ಹೆಸರು ಹಾಗಿದ್ದರೂ ಮನೆಯ ಅರ್ಧಭಾಗ ಮಾತ್ರ ಆ ಬಗೆಯದು. ಕೆಳ ಅಂತಸ್ತಿನ ಗೋಡೆಗಳು ಇಟ್ಟಿಗೆ ಮತ್ತು ಗಾರೆಯಿಂದ ದಪ್ಪನಾಗಿ ಎದ್ದಿವೆ. ಮೇಲಂತಸ್ತಿನಲ್ಲಿ ಮರದ ಕೆಲಸ ಹೆಚ್ಚು. ಮೇಲಿನ ಕಿಟಕಿಗಳ ಚೌಕಟ್ಟಿನಲ್ಲಿ ಗಾಜಿನ ಬದಲು 'ಕಾಪಿಸ್' ಎಂಬ ಕಡಲಚಿಪ್ಪಿನ ತೆಳುವಾದ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಅವು ಬಿಸಿಲಿನ ತೀಕ್ಷ್ಣತೆಯನ್ನು ತಡೆದು ಹಾಲುಬಣ್ಣದ ಬೆಳಕನ್ನು ಮಾತ್ರ ಒಳಬಿಡುತ್ತವೆ. ಗಾಳಿ ಬೇಕಾದಾಗ ಆ ಚೌಕಟ್ಟುಗಳನ್ನೇ ಪಕ್ಕಕ್ಕೆ ಸರಿಸಬಹುದು. ಕಡಿದಾದ ಇಳಿಜಾರಿನ ಛಾವಣಿ ಚೀನದ ರೀತಿಯನ್ನು ನೆನಪಿಗೆ ತರುತ್ತದೆ.

ಈ ಮನೆಗಳ ಒಡೆಯರಲ್ಲಿ ಬಹುಮಂದಿ ಚೀನದ ವರ್ತಕರಿಗೂ ಸ್ಥಳೀಯ ಸ್ತ್ರೀಯರಿಗೂ ಹುಟ್ಟಿದ ಮೆಸ್ತೀಸೊ ವರ್ಗದವರು. ಅವರಿದ್ದ ಭಾಗಕ್ಕೆ 'ಕಸಂಗ್ಲಾಯನ್', ಎಂದರೆ ಚೀನೀಯರ ಕೇರಿ, ಎಂದು ಹೆಸರಿತ್ತು. ಅವರು ನೀಲಿ, ಹೊಗೆಸೊಪ್ಪು, ಹತ್ತಿಯ ಬಟ್ಟೆ ಮುಂತಾದ ಸರಕುಗಳನ್ನು ಹಳ್ಳಿಗಳಿಂದ ಸಂಗ್ರಹಿಸಿ ಮನಿಲಾ ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಕುಟುಂಬದ ವಾಸ ಮೇಲಂತಸ್ತಿನಲ್ಲಿ. ಅಂಗಡಿ, ಕಚೇರಿ, ಉಗ್ರಾಣಗಳೆಲ್ಲ ಕೆಳಗೆ. ಬಂಡಿಯೇ ಒಳಕ್ಕೆ ಬರುವಷ್ಟು ಅಗಲವಾದ ಬಾಗಿಲು, ಅದರ ಹಿಂದೆ 'ಝಾಗ್ವಾನ್' ಎಂಬ ಹಜಾರ.

ಈಗ ನಮ್ಮ ಮೊದಲನೆಯ ಆಕ್ಷೇಪವನ್ನು ಮುಂದಿಡಬಹುದು. ಪ್ರವಾಸಿಗರ ಕೈಪಿಡಿಗಳೂ ಚಿತ್ರಸಂಪುಟಗಳೂ ಈ ಮನೆಯನ್ನು ಮೇಲಿನಿಂದ ಕೆಳಕ್ಕೆ ಓದುತ್ತವೆ. ಮೇಲಂತಸ್ತಿನ ನಡುಮನೆ, ಹೊಳೆಯುವ ಹಲಗೆಯ ನೆಲ, ಚಿಪ್ಪಿನ ಕಿಟಕಿ, ಕೆತ್ತನೆಯ ಪೀಠೋಪಕರಣ ಇವುಗಳಿಗೆ ಹತ್ತು ಪುಟಗಳು ಮೀಸಲು. ಕೆಳಗಿನ ಹಜಾರಕ್ಕೆ ಒಂದು ವಾಕ್ಯ. ಚರಿತ್ರೆಯ ವಿದ್ಯಾರ್ಥಿ ಈ ಮನೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಉಗ್ರಾಣ ತುಂಬಿದ್ದರಿಂದಲೇ ಮೇಲಿನ ನಡುಮನೆ ಸಿಂಗಾರಗೊಂಡಿತು. ಯುನೆಸ್ಕೊ ದಾಖಲೆ ಈ ವಿಷಯದಲ್ಲಿ ಕೈಪಿಡಿಗಳಷ್ಟು ಏಕಪಕ್ಷೀಯವಾಗಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಕೆಳ ಅಂತಸ್ತಿನ ಅಂಗಡಿಗಳನ್ನು ಅದು ಗುರುತಿಸಿದೆ; ಚೀನ, ಯೂರೋಪು ಮತ್ತು ಫಿಲಿಪೈನ್ಸಿನ ಅಂಶಗಳು ಇಲ್ಲಿ ಕೂಡಿಬಂದಿವೆಯೆಂದೂ ಒಪ್ಪಿದೆ. ಆದರೂ ಅದು ಕೂಡಿಬಂದುವೆಂದು ಹೇಳುವುದು ಶೈಲಿಗಳನ್ನು. ಶೈಲಿಗಳು ತಾವಾಗಿ ಕೂಡುವುದಿಲ್ಲ. ಅವನ್ನು ಕೂಡಿಸಿದವರು ಸಾಲ, ಸರಕು, ಕೂಲಿ, ಸುಂಕಗಳ ಬಂಧನದಲ್ಲಿ ಒಂದೇ ಊರಿನಲ್ಲಿ ಬದುಕಿದ ಜನ.

ಆ ಬದುಕು ಯಾವಾಗಲೂ ಸೌಹಾರ್ದದ್ದಾಗಿರಲಿಲ್ಲ. ೧೭೬೨ರಲ್ಲಿ ಬ್ರಿಟಿಷರು ಮದರಾಸಿನಿಂದ ನೌಕಾದಳವನ್ನು ಕಳುಹಿಸಿ ಮನಿಲಾ ನಗರವನ್ನು ಹಿಡಿದರು. ಆ ದಂಡಿನಲ್ಲಿ ನಮ್ಮ ದಕ್ಷಿಣ ದೇಶದ ಸಿಪಾಯಿಗಳೂ ಇದ್ದರು. ಮನಿಲಾ ಬಿದ್ದ ಸುದ್ದಿ ಇಲೊಕೊಸಿಗೆ ತಲುಪಿದಾಗ, ತೆರಿಗೆ ಮತ್ತು ಬಿಟ್ಟಿದುಡಿಮೆಗಳಿಂದಲೂ, ವ್ಯಾಪಾರದ ಹಕ್ಕನ್ನು ಕೈಯಲ್ಲಿಟ್ಟುಕೊಂಡ ಪ್ರಾಂತಾಧಿಕಾರಿಯ ಶೋಷಣೆಯಿಂದಲೂ ಬೇಸತ್ತಿದ್ದ ಜನ ದಿಯೆಗೊ ಸಿಲಾಂಗನ ನಾಯಕತ್ವದಲ್ಲಿ ವಿಗಾನಿನಲ್ಲಿ ದಂಗೆಯೆದ್ದರು. ೧೭೬೩ರ ಮೇ ೨೮ರಂದು ಅವನನ್ನು ಕೊಂದವನು ಮಿಗೆಲ್ ವಿಕೋಸ್ ಎಂಬ ಮೆಸ್ತೀಸೊ. ಹೋರಾಟವನ್ನು ಮುಂದುವರಿಸಿದ ಅವನ ಹೆಂಡತಿ ಗಾಬ್ರಿಯೆಲಾಳನ್ನು ಅದೇ ವರ್ಷ ಸೆಪ್ಟೆಂಬರ್ ೨೦ರಂದು ವಿಗಾನಿನಲ್ಲಿ ಗಲ್ಲಿಗೇರಿಸಲಾಯಿತು. ಇಂದು ನಾವು 'ಸಂಸ್ಕೃತಿಗಳ ಸಂಗಮ'ವೆಂದು ಸುಲಭವಾಗಿ ಹೆಸರಿಸುವ ಬೀದಿಗಳಲ್ಲಿ ಹಳ್ಳಿಯ ರೈತನಿಗೂ ಪೇಟೆಯ ವರ್ತಕನಿಗೂ ಇದ್ದ ವಿರಸವೂ ಹರಿದಿತ್ತೆಂಬುದನ್ನು ಮರೆಯಲಾಗದು.

೪

ಕಸುಬುಗಳ ಪೈಕಿ ಮೊದಲು ಕುಂಬಾರಿಕೆಯನ್ನು ನೋಡೋಣ. ನಗರದ ಒಂದು ಅಂಚಿನಲ್ಲಿರುವ ಕೇರಿಗೆ 'ಪಗ್‌ಬುರ್ನಾಯನ್' ಎಂದು ಹೆಸರು. 'ಬುರ್ನಾಯ್' ಎಂದರೆ ಅಲ್ಲಿ ತಯಾರಾಗುವ ಗುಡಾಣ. ಈ ವಿದ್ಯೆಯನ್ನು ತಂದವರು ಚೀನದಿಂದ ಬಂದು ನೆಲೆಸಿದ ಕುಂಬಾರರು. ಜೇಡಿಗೆ ಮರಳನ್ನು ಬೆರಸಿ, ಅದರ ಮೇಲೆ ಕೋಣವನ್ನು ಸುತ್ತುಸುತ್ತಾಗಿ ನಡೆಸಿ ಹದವಾಗಿ ತುಳಿಸುತ್ತಾರೆ. ಹದಗೊಂಡ ಮಣ್ಣನ್ನು ತಿಗುರಿಯ ಮೇಲಿಟ್ಟು, ತಿಗುರಿಯನ್ನು ಕಾಲಿನಿಂದ ತಿರುಗಿಸುತ್ತ, ಕೈಯಿಂದ ಎತ್ತಿ ರೂಪಿಸುತ್ತಾರೆ. ಒಣಗಿದ ಗುಡಾಣಗಳನ್ನು ಇಳಿಜಾರಿನ ಮೇಲೆ ಸುರಂಗದಂತೆ ಉದ್ದವಾಗಿ ಕಟ್ಟಿದ ಇಟ್ಟಿಗೆಯ ಆವಿಗೆಯಲ್ಲಿ ಜೋಡಿಸಿ, ಕೆಳತುದಿಯಲ್ಲಿ ಬೆಂಕಿಯಿಡುತ್ತಾರೆ. ಉರಿ ಇಳಿಜಾರನ್ನು ಏರುತ್ತ ಹೋಗುವುದರಿಂದ ಆವಿಗೆಯೇ ಹೊಗೆಗೂಡಿನ ಕೆಲಸವನ್ನು ಮಾಡುತ್ತದೆ. ಈ ತೀಕ್ಷ್ಣವಾದ ಶಾಖದಲ್ಲಿ ಬೆಂದ ಪಾತ್ರೆ ಸಾಮಾನ್ಯ ಮಡಕೆಯಂತೆ ನೀರನ್ನು ಜಿನುಗಿಸದೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೊಳಪಿನ ಲೇಪವಿಲ್ಲ, ಬಣ್ಣ ಕಗ್ಗಂದು.

ಈ ಗುಡಾಣದ ಮಹತ್ತ್ವ ಅದರ ರೂಪದಲ್ಲಿಲ್ಲ, ಉಪಯೋಗದಲ್ಲಿದೆ. ಉಪ್ಪು, ನೀರು, ಹುಳಿಕಾಡಿ, ಮೀನನ್ನು ಉಪ್ಪಿನಲ್ಲಿ ಕೊಳೆಹಾಕಿ ಮಾಡುವ 'ಬಗೊಒಂಗ್' ಎಂಬ ವ್ಯಂಜನ, ಕಬ್ಬಿನ ಮದ್ಯ ಇವೆಲ್ಲ ಗುಡಾಣದಲ್ಲಿಯೇ ತಯಾರಾಗಿ ಗುಡಾಣದಲ್ಲಿಯೇ ಮಾರಾಟಕ್ಕೆ ಹೋಗುತ್ತಿದ್ದುವು. ಉಪ್ಪನ್ನೂ ಹುಳಿಯನ್ನೂ ತಿಂಗಳುಗಟ್ಟಳೆ ತಡೆದುಕೊಳ್ಳಬಲ್ಲ ಪಾತ್ರೆಯೊಂದು ಇಲ್ಲದಿದ್ದರೆ ಇಲೊಕೊಸ್ ಪ್ರಾಂತದ ಅಡಿಗೆಮನೆಯೂ ಇಲ್ಲ, ಅಲ್ಲಿಯ ಸಂತೆಯೂ ಇಲ್ಲ. ಕುಂಬಾರನು ಒಂದು ಕಸುಬಿನವನು ಮಾತ್ರವಾಗಿರದೆ ಇತರ ಕಸುಬುಗಳಿಗೆ ಆಧಾರವಾಗಿದ್ದನೆಂಬುದು ಇದರಿಂದ ವ್ಯಕ್ತವಾಗುತ್ತದೆ. ಇಂದು ಪ್ಲಾಸ್ಟಿಕ್ ಮತ್ತು ಗಾಜಿನ ಪಾತ್ರೆಗಳು ಬಂದು ಈ ಸ್ಥಾನ ಸಡಿಲಿದೆ. ಗುಡಾಣ ಹೆಚ್ಚಾಗಿ ತೋಟದ ಅಲಂಕಾರಕ್ಕೂ ಪ್ರವಾಸಿಗರ ನೆನಪಿನ ಕಾಣಿಕೆಗೂ ಹೋಗುತ್ತಿದೆ. ಗೇಣುದ್ದದ ಚಿಕ್ಕ ಗುಡಾಣವನ್ನು ಮಾಡಲು ಕುಂಬಾರನಿಗೆ ಬರುವುದಿಲ್ಲವೆಂದಲ್ಲ. ಆದರೆ ಏನನ್ನೂ ತುಂಬದ ಗುಡಾಣವನ್ನು ಮಾಡುವ ಕುಂಬಾರನು ಹಿಂದಿನ ಕುಂಬಾರನ ಸಂಬಂಧಗಳಿಂದ ಕಳಚಿಕೊಂಡವನು.

೫

ಗುಡಾಣದಿಂದ ಮದ್ಯಕ್ಕೆ, ಮದ್ಯದಿಂದ ದಂಗೆಗೆ, ದಂಗೆಯಿಂದ ಚಿತ್ರಕ್ಕೆ ಹೋಗುವ ಒಂದು ದಾರಿ ವಿಗಾನಿನಲ್ಲಿದೆ. ನಮ್ಮ ವಾದಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ದೊರೆಯದು. ಆದಕಾರಣ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

'ಬಾಸಿ' ಎಂಬುದು ಇಲೊಕಾನೊ ಜನರ ಕಬ್ಬಿನ ಮದ್ಯ. ನಮ್ಮ ಆಲೆಮನೆಯಲ್ಲಿರುವಂತೆ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುತ್ತಾರೆ. ಬೆಲ್ಲವಾಗುವ ತನಕ ಬಿಡದೆ ಇಳಿಸಿ, ಆರಿಸಿ, ಗುಡಾಣಕ್ಕೆ ತುಂಬುತ್ತಾರೆ. ಅಕ್ಕಿಹಿಟ್ಟಿನಿಂದ ಮಾಡಿದ 'ಬುಬೊದ್' ಎಂಬ ಹುದುಗನ್ನೂ 'ಸಮಾಕ್' ಎಂಬ ಮರದ ಎಲೆ, ಕಾಯಿ, ತೊಗಟೆಗಳನ್ನೂ ಸೇರಿಸಿ ಬಾಯಿಕಟ್ಟುತ್ತಾರೆ. ತಿಂಗಳುಗಳು ಕಳೆದ ಮೇಲೆ ಅದು ಮದ್ಯವಾಗುತ್ತದೆ. ಹದ ಮೀರಿದರೆ ಹುಳಿಕಾಡಿಯಾಗುತ್ತದೆ. ಜನನ, ಮದುವೆ, ಸಾವು ಈ ಮೂರರಲ್ಲಿಯೂ ಇದಕ್ಕೆ ಸ್ಥಾನವಿತ್ತು. ಅಂದಮೇಲೆ ಬಾಸಿ ಎಂಬುದು ಕೇವಲ ಒಂದು ಪೇಯವಾಗಿರಲಿಲ್ಲ. ಪ್ರತಿಯೊಂದು ಹಳ್ಳಿಯ ಗೃಹಕೃತ್ಯವೂ ಆಗಿತ್ತು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ವಸಾಹತು ಸರಕಾರ ತನ್ನ ಬೊಕ್ಕಸವನ್ನು ತುಂಬಲು ಏಕಸ್ವಾಮ್ಯಗಳನ್ನು ಸ್ಥಾಪಿಸಿತು. ೧೭೮೨ರಿಂದ ಹೊಗೆಸೊಪ್ಪು ಸರಕಾರದ ಸ್ವಾಮ್ಯಕ್ಕೆ ಒಳಗಾಗಿ, ಸುಮಾರು ಒಂದು ಶತಮಾನದವರೆಗೆ ಹಾಗೆಯೇ ಇತ್ತು. ೧೭೮೬ರಲ್ಲಿ ಬಾಸಿಯ ಸರದಿ. ತನ್ನ ಗದ್ದೆಯ ಕಬ್ಬಿನಿಂದ ತನ್ನ ಮನೆಯ ಗುಡಾಣದಲ್ಲಿ ಮದ್ಯವನ್ನು ತಯಾರಿಸುವುದು ಅಪರಾಧವಾಯಿತು. ಅದನ್ನೇ ಸರಕಾರದ ಅಂಗಡಿಯಲ್ಲಿ ಹಣ ತೆತ್ತು ಕೊಳ್ಳಬೇಕಾಯಿತು. ಎರಡು ದಶಕಗಳ ಅಸಮಾಧಾನ ೧೮೦೭ರ ಸೆಪ್ಟೆಂಬರ್ ೧೬ರಂದು ಉತ್ತರ ಇಲೊಕೊಸಿನ ಪಿದ್ದಿಗ್ ಎಂಬ ಊರಿನಲ್ಲಿ ಸ್ಫೋಟಿಸಿತು. ದಂಗೆಕೋರರು ದಕ್ಷಿಣಕ್ಕೆ, ವಿಗಾನಿನ ಕಡೆಗೆ, ನಡೆದರು. ನಗರದ ಹೊರಗಣ ನದಿಯ ಬಳಿ ಸೆಪ್ಟೆಂಬರ್ ೨೮ರಂದು ಅವರು ಸೋತರು. ಸೆರೆಸಿಕ್ಕವರಲ್ಲಿ ಅನೇಕರು ಮರಣದಂಡನೆಗೆ ಗುರಿಯಾದರು.

ಈ ಘಟನೆಯನ್ನು ೧೮೨೧ರಲ್ಲಿ ಎಸ್ತೆಬಾನ್ ವಿಯನುವೆವಾ ಎಂಬ ವಿಗಾನಿನ ವರ್ತಕನು ೧೪ ಫಲಕಗಳಲ್ಲಿ ಚಿತ್ರಿಸಿದನು. ಅವನು ಯಾವ ಗುರುವಿನ ಬಳಿಯಲ್ಲಿಯೂ ಚಿತ್ರಕಲೆಯನ್ನು ಕಲಿತವನಲ್ಲ. ಹದಿನಾಲ್ಕು ಎಂಬ ಸಂಖ್ಯೆ ಕ್ರೈಸ್ತರು ಇಗರ್ಜಿಯ ಗೋಡೆಯ ಮೇಲೆ ನಿತ್ಯವೂ ನೋಡುವ ಕ್ರಿಸ್ತನ ಶಿಲುಬೆಯಾತ್ರೆಯ ಹದಿನಾಲ್ಕು ಚಿತ್ರಗಳನ್ನು ನೆನಪಿಗೆ ತರುತ್ತದೆ. ಚಿತ್ರಗಳ ಅಡಿಬರಹ ಸ್ಪ್ಯಾನಿಷ್ ಭಾಷೆಯಲ್ಲಿದೆ. ಕೊನೆಯ ಫಲಕಗಳಲ್ಲಿ ಸೋತವರ ಶಿಕ್ಷೆಯಿದೆ. ಆಳುವವರ ಎಚ್ಚರಿಕೆಯಾಗಿ ಇವು ರಚಿತವಾದುವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಸೋತವರ ಕಥೆಯನ್ನು ಕ್ರಿಸ್ತನ ಯಾತನೆಯ ಸಂಖ್ಯೆಯಲ್ಲಿಯೇ ಹೇಳಿದಾಗ, ನೋಡಿದ ಇಲೊಕಾನೊ ಕಣ್ಣಿಗೆ ಯಾರು ಅಪರಾಧಿಗಳಾಗಿ, ಯಾರು ಬಲಿಯಾಗಿ ಕಂಡಿರಬಹುದು? ಚಿತ್ರಕಾರನ ಉದ್ದೇಶ ಹೀಗೆಯೇ ಇತ್ತೆಂದು ನಾವು ಸಾಧಿಸಹೊರಟಿಲ್ಲ. ಚಿತ್ರಕ್ಕೆ ಎರಡು ಅರ್ಥಗಳು ಸಾಧ್ಯವೆಂದಷ್ಟೇ ನಮ್ಮ ಅಭಿಪ್ರಾಯ.

ಫಲಕಗಳಲ್ಲಿ ಆಕಾಶದ ಧೂಮಕೇತುವೊಂದು ಕಾಣಿಸುತ್ತದೆ. ಇದನ್ನು ಹ್ಯಾಲಿ ಧೂಮಕೇತುವೆಂದು ಹೇಳುವುದುಂಟು, ಅದು ತಪ್ಪು. ಹ್ಯಾಲಿ ಕಾಣಿಸಿಕೊಂಡದ್ದು ೧೭೫೯ರಲ್ಲಿ ಮತ್ತು ೧೮೩೫ರಲ್ಲಿ. ೧೮೦೭ರ ಸೆಪ್ಟೆಂಬರಿನಲ್ಲಿ ಬರಿಗಣ್ಣಿಗೆ ಕಾಣಿಸಿದ ಮಹಾಧೂಮಕೇತು ಬೇರೆಯದು. ತರಬೇತಿಯಿಲ್ಲದ ಕೈ ಹದಿನಾಲ್ಕು ವರ್ಷಗಳ ಅನಂತರವೂ ಆಕಾಶದ ಸಾಕ್ಷ್ಯವನ್ನು ಬಿಡದೆ ದಾಖಲಿಸಿದ್ದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಇಂದು ಈ ಫಲಕಗಳು ವಿಗಾನಿನ ಹಳೆಯ ಸೆರೆಮನೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಫಿಲಿಪೈನ್ಸಿನ ಅಧ್ಯಕ್ಷರಾಗಿದ್ದ ಎಲ್ಪಿದಿಯೊ ಕಿರಿನೊ ಅವರು ೧೮೯೦ರಲ್ಲಿ ಹುಟ್ಟಿದ್ದು ಇದೇ ಸೆರೆಮನೆಯ ಕಟ್ಟಡದಲ್ಲಿ. ಅವರ ತಂದೆ ಅಲ್ಲಿಯ ಮೇಲ್ವಿಚಾರಕರಾಗಿದ್ದರು.

ಹೀಗೆ ನೋಡಿದಾಗ ಚಿತ್ರವು ಕಲೆಯ ಇತಿಹಾಸಕ್ಕೂ, ದಂಗೆ ರಾಜಕೀಯ ಇತಿಹಾಸಕ್ಕೂ, ಮದ್ಯ ಕೈಗಾರಿಕೆಯ ಪ್ರಕರಣಕ್ಕೂ, ಗುಡಾಣ ಕರಕುಶಲ ವಸ್ತುಗಳ ಪಟ್ಟಿಗೂ ಹಂಚಿಹೋಗಬೇಕೆಂಬ ವಿಭಜನೆ ಎಷ್ಟು ಕೃತಕವೆಂಬುದು ಸ್ಪಷ್ಟವಾಗುತ್ತದೆ. ನಾಲ್ಕೂ ಒಂದೇ ಕಥೆಯ ಭಾಗಗಳು.

೬

ಎರಡನೆಯ ಮುಖ್ಯ ಕಸುಬು ನೇಯ್ಗೆ. ಇಲೊಕಾನೊ ಭಾಷೆಯಲ್ಲಿ 'ಅಬೆಲ್' ಎಂದರೆ ನೇಯ್ಗೆ. ನೇಯ್ದ ಬಟ್ಟೆ 'ಇನಾಬೆಲ್'. ಮರದ ಕಾಲುಮಗ್ಗದ ಮೇಲೆ ಹತ್ತಿಯ ನೂಲಿನಿಂದ ತಯಾರಾಗುವ ಈ ಬಟ್ಟೆಗೆ ಗಟ್ಟಿತನವೇ ಮೊದಲ ಗುಣ. ಮನಿಲಾದಿಂದ ಅಕಾಪುಲ್ಕೊಗೆ ಹೋಗುತ್ತಿದ್ದ ಸ್ಪೇನಿನ ದೊಡ್ಡ ಹಡಗುಗಳ ಹಾಯಿಗಳಿಗೆ ಇಲೊಕೊಸಿನ ಬಟ್ಟೆ ಬಳಕೆಯಾಗುತ್ತಿತ್ತು. ಕಪ್ಪಕಾಣಿಕೆಯ ರೂಪದಲ್ಲಿಯೂ ಸರಕಾರ ಅದನ್ನು ವಸೂಲಿ ಮಾಡುತ್ತಿತ್ತು. 'ಬಿನಾಕೊಲ್' ಎಂಬ ವಿನ್ಯಾಸದಲ್ಲಿ ಚಿಕ್ಕದೊಡ್ಡ ಚೌಕಗಳನ್ನು ಎರಡು ಬಣ್ಣಗಳಲ್ಲಿ ಹೆಣೆದು, ಬಟ್ಟೆಯ ನಡುವೆ ಸುಳಿಯೊಂದು ತಿರುಗುತ್ತಿರುವಂತೆ ಭ್ರಮೆಯನ್ನುಂಟುಮಾಡುತ್ತಾರೆ. ಅದು ಸುಂಟರಗಾಳಿಯ ಸಂಕೇತವೆಂದು ಹೇಳುತ್ತಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಯಂತ್ರದ ಬಟ್ಟೆ ಫಿಲಿಪೈನ್ಸಿನ ಬಂದರುಗಳನ್ನು ಪ್ರವೇಶಿಸಿದ ಮೇಲೆ ಕೈಮಗ್ಗದ ಮಾರುಕಟ್ಟೆ ಕುಗ್ಗಿತು. ಭಾರತದ ನೇಕಾರನ ಕಥೆಯನ್ನು ಓದಿದವರಿಗೆ ಇದರಲ್ಲಿ ವಿವರಿಸಬೇಕಾದದ್ದೇನೂ ಇಲ್ಲ. ಗಮನಿಸಬೇಕಾದ ಭೇದವೊಂದೇ: ಇಲೊಕೊಸಿನಲ್ಲಿ ನೇಯ್ಗೆ ಬಹುಮಟ್ಟಿಗೆ ಹೆಂಗಸರ ಮನೆಗೆಲಸವಾಗಿದ್ದುದರಿಂದ, ಮಾರುಕಟ್ಟೆ ಕುಗ್ಗಿದಾಗಲೂ ಮಗ್ಗ ಸಂಪೂರ್ಣವಾಗಿ ನಿಲ್ಲಲಿಲ್ಲ. ತಾಯಿ ಮಗಳಿಗೆ ಕಲಿಸುತ್ತ ಬಂದಳು. ಫಿಲಿಪೈನ್ಸ್ ಸರಕಾರ ೧೯೯೨ರ ಒಂದು ಶಾಸನದಿಂದ ಜನಪದ ಕುಶಲಿಗಳಿಗೆ ರಾಷ್ಟ್ರೀಯ ಗೌರವವನ್ನು ಏರ್ಪಡಿಸಿ, ತಮ್ಮ ವಿದ್ಯೆಯನ್ನು ಮುಂದಿನವರಿಗೆ ಕಲಿಸುವ ಹೊಣೆಯನ್ನೂ ಅವರಿಗೆ ಒಪ್ಪಿಸಿದೆ. ಉತ್ತರ ಇಲೊಕೊಸಿನ ಪಿನಿಲಿ ಊರಿನ ಮಗ್ದಲೇನಾ ಗಮಾಯೊ ಎಂಬ ನೇಕಾರ್ತಿಗೆ ೨೦೧೨ರಲ್ಲಿ ಈ ಗೌರವ ಸಂದಿತು. ಕಲಿಸುವ ಹೊಣೆಯನ್ನು ಗೌರವದೊಡನೆ ಸೇರಿಸಿರುವುದು ಈ ಶಾಸನದ ವಿವೇಕ. ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಉಳಿಯಬಹುದು. ವಿದ್ಯೆ ಹಾಗೆ ಉಳಿಯದು.

೭

ವಿಗಾನ್ ಹೇಗೆ ಉಳಿಯಿತು ಎಂಬ ಪ್ರಶ್ನೆಯನ್ನೂ ಎತ್ತಲೇಬೇಕು. ೧೯೪೫ರ ಯುದ್ಧದಲ್ಲಿ ಮನಿಲಾದ ಹಳೆಯ ಕೋಟೆನಗರ ಬಹುತೇಕ ನೆಲಸಮವಾಯಿತು, ವಿಗಾನ್ ಪಾರಾಯಿತು. ಇಲ್ಲಿಯ ಹೆಣ್ಣನ್ನು ಮದುವೆಯಾಗಿದ್ದ ಜಪಾನಿ ಅಧಿಕಾರಿಯೊಬ್ಬನು ಹಿಮ್ಮೆಟ್ಟುವಾಗ ಊರನ್ನು ಸುಡದೆ ಬಿಟ್ಟನೆಂಬ ಕಥೆ ಜನಜನಿತವಾಗಿದೆ. ಕಥೆ ಹೃದಯಂಗಮವಾಗಿದೆ, ಆದರೆ ಉಳಿಯುವಿಕೆಗೆ ಅದೊಂದನ್ನೇ ಕಾರಣವೆಂದರೆ ಸಾಲದು. ನದಿಯ ಹಾದಿಗಳಲ್ಲಿ ಹೂಳು ತುಂಬಿ ದೋಣಿಯ ವ್ಯಾಪಾರ ನಿಂತುಹೋಯಿತು. ವರ್ತಕ ಕುಟುಂಬಗಳಲ್ಲಿ ಅನೇಕವು ಮನಿಲಾಕ್ಕೆ ಸರಿದುವು. ೧೯೭೦ರಲ್ಲಿ ಪ್ರಾಂತದ ಕಾಂಗ್ರೆಸ್ ಸದಸ್ಯ ಫ್ಲೋರೊ ಕ್ರಿಸೊಲೊಗೊ ಅವರು ಪ್ರಧಾನ ಇಗರ್ಜಿಯೊಳಗೇ ಗುಂಡಿಗೆ ಬಲಿಯಾದಂಥ ರಾಜಕೀಯ ಹಿಂಸೆಯ ಕಾಲವನ್ನೂ ಊರು ಕಂಡಿತು. ಹೊಸ ಹಣ ಬರದ ಊರಿನಲ್ಲಿ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವವರೂ ಕಡಮೆ. ಒಂದು ಅರ್ಥದಲ್ಲಿ ವಿಗಾನಿನ ಸ್ಮಾರಕಗಳನ್ನು ಉಳಿಸಿದ್ದು ಅದರ ವ್ಯಾಪಾರದ ಅವನತಿ. ಕೆಳ ಅಂತಸ್ತು ಬರಿದಾದಾಗ ಮೇಲಂತಸ್ತು ಸ್ಮಾರಕವಾಯಿತು.

ಅನಂತರದ ಸಂರಕ್ಷಣೆಯ ಕೆಲಸ ಮೆಚ್ಚತಕ್ಕದ್ದೇ ಸರಿ. ನಗರಾಡಳಿತ ಹಳೆಯ ಮನೆಗಳ ರಕ್ಷಣೆಗೆ ನಿಯಮಗಳನ್ನು ಮಾಡಿತು. ೨೦೧೨ರಲ್ಲಿ ವಿಶ್ವ ಪರಂಪರೆಯ ತಾಣಗಳ ಉತ್ತಮ ನಿರ್ವಹಣೆಗಾಗಿ ಯುನೆಸ್ಕೊ ವಿಗಾನನ್ನು ಪುರಸ್ಕರಿಸಿತು. ಪ್ರವಾಸಿಗರು ಬಂದರು, ಬರಿದಾಗಿದ್ದ ಕೆಳ ಅಂತಸ್ತುಗಳಲ್ಲಿ ಮತ್ತೆ ಅಂಗಡಿಗಳು ತೆರೆದುವು. ಅಲ್ಲಿ ಇನಾಬೆಲ್ ಬಟ್ಟೆಯೂ ಚಿಕ್ಕ ಗುಡಾಣಗಳೂ ಬಾಸಿಯ ಸೀಸೆಗಳೂ ಮಾರಾಟವಾಗುತ್ತವೆ. ಕುಂಬಾರನಿಗೂ ನೇಕಾರ್ತಿಗೂ ಇದರಿಂದ ಅನ್ನ ಹುಟ್ಟುತ್ತದೆಂಬುದನ್ನು ಅಲ್ಲಗಳೆಯುವವರು ನಾವಲ್ಲ. ಪ್ರವಾಸಿಯ ಹಣವನ್ನು ದೂರದಲ್ಲಿ ಕುಳಿತು ಹೀಗಳೆಯುವುದು ಸುಲಭ. ಆ ಹಣ ನಿಂತರೆ ಆವಿಗೆಯ ಬೆಂಕಿಯೂ ನಿಲ್ಲಬಹುದು.

ನಮ್ಮ ಆಕ್ಷೇಪ ಲೆಕ್ಕದ ಕ್ರಮವನ್ನು ಕುರಿತದ್ದು. ೧೯೭೨ರ ಅಂತರರಾಷ್ಟ್ರೀಯ ಒಡಂಬಡಿಕೆ ಕಟ್ಟಡಗಳಿಗೂ ನಿಸರ್ಗತಾಣಗಳಿಗೂ ಸಂಬಂಧಿಸಿದ್ದು. ಕುಶಲವಿದ್ಯೆ, ಆಚರಣೆ, ಮೌಖಿಕ ಸಂಪ್ರದಾಯಗಳಿಗಾಗಿ ೨೦೦೩ರಲ್ಲಿ ಬೇರೊಂದು ಒಡಂಬಡಿಕೆ ಬಂತು. ಆಡಳಿತದ ಸೌಕರ್ಯಕ್ಕೆ ಇದು ಅವಶ್ಯವಿರಬಹುದು. ಆದರೆ ಫಲವಾಗಿ ಮನೆ ಒಂದು ಪಟ್ಟಿಗೂ ಮನೆಯನ್ನು ಸಾಧ್ಯಮಾಡಿದ ಕಸುಬು ಮತ್ತೊಂದು ಪಟ್ಟಿಗೂ ಸೇರಿದುವು. ಸಂರಕ್ಷಿತ ವಲಯದ ಗೆರೆ ವರ್ತಕರ ಬೀದಿಗಳನ್ನು ಸುತ್ತುತ್ತದೆ. ಕುಂಬಾರನ ಆವಿಗೆ, ಹಳ್ಳಿಯ ಮಗ್ಗ, ಕಬ್ಬಿನ ಗದ್ದೆ ಇವು ಬೀದಿಯ ಚರಿತ್ರೆಯ ಒಳಗಿದ್ದೂ ಬೀದಿಯ ಹಿರಿಮೆಯ ಲೆಕ್ಕದ ಹೊರಗುಳಿದುವು.

ಇದು ಬರಿಯ ತರ್ಕದ ಮಾತಲ್ಲವೆಂಬುದನ್ನು ೨೦೨೨ರ ಜುಲೈ ೨೭ರ ಭೂಕಂಪ ತೋರಿಸಿಕೊಟ್ಟಿತು. ಅಬ್ರಾ ಪ್ರಾಂತದಲ್ಲಿ ಉಂಟಾದ ೭.೦ ಪ್ರಮಾಣದ ಆ ಕಂಪನದಿಂದ ಕ್ರಿಸೊಲೊಗೊ ಬೀದಿಯ ಹಳೆಯ ಮನೆಗಳಿಗೆ ಹಾನಿಯಾಯಿತು. ಪ್ರಧಾನ ಇಗರ್ಜಿಗೂ ಪೆಟ್ಟು ಬಿತ್ತು. ನೆರೆಯ ಬಂತಾಯ್ ಊರಿನ ಪ್ರಸಿದ್ಧ ಗಂಟೆಗೋಪುರದ ಇಟ್ಟಿಗೆಗಳು ಉದುರಿದುವು. ಇಂಥ ಸಮಯದಲ್ಲಿ ಪಟ್ಟಿಯಲ್ಲಿರುವ ಹೆಸರು ಗೋಡೆಯನ್ನು ಎತ್ತಿ ನಿಲ್ಲಿಸದು. ಹಳೆಯ ಅಳತೆಯ ಇಟ್ಟಿಗೆಯನ್ನು ಸುಡಬಲ್ಲವನು, ಸುಣ್ಣದ ಗಾರೆಯ ಹದವನ್ನು ಬಲ್ಲವನು, ಮರದ ಕೂಡಿಕೆಯನ್ನು ಬಲ್ಲವನು, ಚಿಪ್ಪಿನ ಬಿಲ್ಲೆಯನ್ನು ಕೂರಿಸಬಲ್ಲವನು ಬೇಕು. ಸ್ಮಾರಕದ ಆಯುಸ್ಸು ಕುಶಲಿಯ ಆಯುಸ್ಸನ್ನು ಅವಲಂಬಿಸಿದೆ. ಅವನನ್ನು ಲೆಕ್ಕದ ಹೊರಗಿಟ್ಟ ಸಂರಕ್ಷಣೆ ತನ್ನ ಬುಡವನ್ನೇ ಮರೆತ ಸಂರಕ್ಷಣೆ.

೮

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಮೊದಲನೆಯದಾಗಿ, ವಿಗಾನನ್ನು 'ಸ್ಪೇನಿನ ಪಟ್ಟಣ'ವೆಂದು ಕರೆಯುವುದು ಅದರ ನಕ್ಷೆಯ ಮಟ್ಟಿಗೆ ಸರಿ, ಅದರ ಜೀವನದ ಮಟ್ಟಿಗೆ ಸರಿಯಲ್ಲ. ಎರಡನೆಯದಾಗಿ, ಅಲ್ಲಿಯ ಸ್ಮಾರಕಗಳೂ ಕಸುಬುಗಳೂ ಒಂದೇ ಆರ್ಥಿಕ ವ್ಯವಸ್ಥೆಯ ಎರಡು ಮುಖಗಳಾದುದರಿಂದ, ಒಂದನ್ನು ಬಿಟ್ಟು ಇನ್ನೊಂದನ್ನು ವರ್ಣಿಸಿದರೆ ಎರಡೂ ಅರ್ಥವಾಗುವುದಿಲ್ಲ. ಮೂರನೆಯದಾಗಿ, ಆ ವ್ಯವಸ್ಥೆಯಲ್ಲಿ ದರ್ಪವೂ ದಂಗೆಯೂ ಇದ್ದುವು. ೧೭೬೩ ಮತ್ತು ೧೮೦೭ನ್ನು ಬಿಟ್ಟು ಬೀದಿಯ ಸೊಬಗನ್ನು ಮಾತ್ರ ಹೇಳುವುದು ಚರಿತ್ರೆಯಾಗದು.

ನಮ್ಮ ವಿದ್ಯಾರ್ಥಿಗಳಿಗೆ ಒಂದು ಸಲಹೆಯನ್ನು ಮಾಡಿ ಲೇಖನವನ್ನು ಮುಗಿಸುತ್ತೇವೆ. ಯಾವುದೇ ಹಳೆಯ ನಗರವನ್ನು ಅಭ್ಯಸಿಸುವಾಗ ಅದರ ಅತ್ಯಂತ ಸುಂದರವಾದ ಕಟ್ಟಡದಿಂದ ಪ್ರಾರಂಭಿಸುವ ಬದಲು, ಅಲ್ಲಿಯ ಜನ ತಮ್ಮ ದವಸವನ್ನೂ ಪಾನೀಯವನ್ನೂ ಯಾವ ಪಾತ್ರೆಯಲ್ಲಿ ತುಂಬಿಡುತ್ತಿದ್ದರು, ಆ ಪಾತ್ರೆಯನ್ನು ಯಾರು ಮಾಡಿದರು, ಅದಕ್ಕೆ ಯಾರು ಸುಂಕ ಹಾಕಿದರು ಎಂದು ಮೊದಲು ಕೇಳಬೇಕು. ವಿಗಾನಿನ ಮಟ್ಟಿಗೆ ಈ ಪ್ರಶ್ನೆ ನಮ್ಮನ್ನು ಒಂದು ಗುಡಾಣದಿಂದ ಒಂದು ದಂಗೆಗೂ, ಅಲ್ಲಿಂದ ಹದಿನಾಲ್ಕು ಚಿತ್ರಗಳಿಗೂ, ಕೊನೆಗೆ ಕ್ರಿಸೊಲೊಗೊ ಬೀದಿಯ ಮನೆಗಳ ಬಾಗಿಲಿಗೂ ಕರೆತಂದಿದೆ. "ಅಲ್ಲಿ ಸ್ಪೇನಿನವರು ಎಷ್ಟು ಮಂದಿ ಇದ್ದರು?" ಎಂದು ಕೇಳಿದ ವಿದ್ಯ‍ಾರ್ಥಿಗೆ ಅಂದು ನಾವು ಸರಿಯಾದ ಉತ್ತರವನ್ನು ಕೊಡಲಿಲ್ಲ. ಉಳಿದವರು ಯಾರು, ಅವರು ಏನು ಮಾಡುತ್ತಿದ್ದರು ಎಂಬುದನ್ನು ಹೇಳುವುದರಿಂದ ಆ ಸಾಲ ಸ್ವಲ್ಪಮಟ್ಟಿಗೆ ತೀರಿತೆಂದು ಭಾವಿಸುತ್ತೇವೆ.